ಕೋಟಿಂಗ್ ಹಚ್ಚೋದಾ, ಎಣ್ಣೆಗೇ ಮದ್ದು ಹಾಕೋದಾ?

ಎಂ.ಟೆಕ್ ಪ್ರಾಜೆಕ್ಟಿಗೆ ಅಂತ ಬೆಳಗಾವಿಯ ಒಂದು ಮಳೆಗಾಲವನ್ನು ಪೂರ್ತಿ ಫರ್ನೆಸ್ ಮುಂದೆ ಕಳೆದೆ. ಹೊರಗೆ ಜಿಟಿಜಿಟಿ ಮಳೆ, ಒಳಗೆ 900 ಡಿಗ್ರಿ. ಕೀಳು ಎಣ್ಣೆ ಉರಿಸಿದಾಗ ಗ್ಯಾಸ್ ಟರ್ಬೈನಿನ ಬ್ಲೇಡನ್ನು ತಿನ್ನುವ ಹಾಟ್ ಕರೋಷನ್ನಿಗೆ (ಕಡುಬಿಸಿಯಲ್ಲಿ ಕರಗಿದ ಉಪ್ಪು ಹತ್ತಿಸುವ ತುಕ್ಕಿಗೆ) ಯಾವ ಉಪಾಯ ತಡೆ ಹಾಕುತ್ತದೆ ಅಂತ ನೋಡಬೇಕಿತ್ತು.

ಉದ್ಯಮಬಾಗದ ಅಂಗಡಿಯೊಂದರಲ್ಲಿ ನಿಕಲ್ ಮಿಶ್ರಲೋಹದ ಚೂರುಗಳನ್ನು ವೈರ್‌ಕಟ್ ಮಾಡಿಸಿದೆ, ಅಂದರೆ ವಿದ್ಯುತ್ ತಂತಿಯಿಂದ ಕತ್ತರಿಸಿಸಿದೆ. "ಇಷ್ಟ ಸಣ್ಣು ಮಾಡಿ ಏನ್ ಮಾಡ್ತಿ ತಮ್ಮಾ?" ಅಂದರು ಅಲ್ಲಿನ ಕಾಕಾ. ಉಪ್ಪು ಹಚ್ಚಿ ಸುಡ್ತೀನಿ ಅಂದೆ, ನಕ್ಕುಬಿಟ್ಟರು.

ಸುಳ್ಳಲ್ಲ, ಕೆಲಸ ಅದೇ. ಕೊಳಕು ಎಣ್ಣೆಯ ವೆನೇಡಿಯಂ, ಸೋಡಿಯಂ, ಗಂಧಕ ಉರಿದು ಬ್ಲೇಡಿನ ಮೇಲೆ ಉಪ್ಪಾಗಿ ಕೂರುತ್ತವೆ. ಅದರ ಬದಲಿಗೆ ನಾನು 60 ಪಾಲು ವೆನೇಡಿಯಂ ಪೆಂಟಾಕ್ಸೈಡ್, 40 ಪಾಲು ಸೋಡಿಯಂ ಸಲ್ಫೇಟ್ ಕಲಸಿ ಬ್ರಷ್‌ನಲ್ಲಿ ಬಳಿದೆ. (ಪೆಂಟಾಕ್ಸೈಡ್ ವಿಷ. ಮಾಸ್ಕ್ ಇಲ್ಲದೆ ಡಬ್ಬಿ ತೆಗೆಯಬೇಡಿ.) ಸೋಡಿಯಂ ಸಲ್ಫೇಟ್ ಒಂದೇ ಆದರೆ ಕರಗಲು 884 ಡಿಗ್ರಿ ಬೇಕು. ವೆನೇಡಿಯಂ ಸೇರಿದರೆ ಸುಮಾರು 550ಕ್ಕೇ ನೀರಾಗುತ್ತದೆ. ಲೋಹವನ್ನು ಕಾಯುವ ಆಕ್ಸೈಡ್ ಪದರವನ್ನು ಕರಗಿಸುವುದು ಆ ದ್ರವವೇ.

ಒಂದು ಗಂಟೆ ಒಳಗೆ, 20 ನಿಮಿಷ ಹೊರಗೆ, ಆಮೇಲೆ ತೂಕ. ತುಕ್ಕು ಬೆಳೆದಷ್ಟೂ ತೂಕ ಏರುತ್ತದೆ. ಹೀಗೆ 50 ಸುತ್ತು.

ಬರೀ ಲೋಹದ ಕಥೆ ಬೇಗ ಮುಗಿಯಿತು. ಹೊರಗೆ ತೆಗೆದು ಇಟ್ಟರೆ ಸಾಕು, ಆರುತ್ತಾ ಚಟ್ ಚಟ್ ಅಂತ ಸಿಡಿದು ಕಪ್ಪು ಚಕ್ಕೆಗಳು ದೋಣಿಯಂಥ ಪಾತ್ರೆಗೆ ಉದುರುತ್ತಿದ್ದವು.

ನಾನು ನೆಚ್ಚಿಕೊಂಡಿದ್ದು ಅಲ್ಯೂಮಿನೈಡ್ ಕೋಟಿಂಗನ್ನು, ಅಂದರೆ ಲೋಹದ ಮೈಗೆ ಅಲ್ಯೂಮಿನಿಯಂ ಸೇರಿಸಿದ ಪದರವನ್ನು. ಬರೀ ಗಾಳಿಯ ಬಿಸಿಗೆ ಅದು ಗಟ್ಟಿ ಆಸಾಮಿ. ಆದರೆ ಕರಗಿದ ವೆನೇಡಿಯಂ ಉಪ್ಪು ಅದರ ಮೇಲಿನ ಅಲ್ಯೂಮಿನಾ (ಅಲ್ಯೂಮಿನಿಯಂ ಆಕ್ಸೈಡ್) ಪದರವನ್ನೂ ಬಿಡುವುದಿಲ್ಲ. ಮೊದಲು ಮೂಲೆಗಳು ಬಾಯಿ ಬಿಟ್ಟವು, ಆಮೇಲೆ ಅಂಚು ಪೂರ್ತಿ. ಬೇಜಾರಾಯಿತು.

ನಿಕಲ್-ಕ್ರೋಮಿಯಂ ಸ್ಪ್ರೇ ಮಾಡಿಸಿದ ಚೂರು ಮಾತ್ರ ಅಚ್ಚರಿ ಹುಟ್ಟಿಸಿತು. ಮೊದಲ ಕೆಲವು ಸುತ್ತು ತೂಕ ಏರಿತು, ಆಮೇಲೆ ಗ್ರಾಫಿನ ಗೆರೆ ಮಲಗಿಬಿಟ್ಟಿತು. ಕ್ರೋಮಿಯಂ ಆಕ್ಸೈಡ್ ಇಂಥ ಉಪ್ಪಿಗೆ ಅಷ್ಟು ಸುಲಭಕ್ಕೆ ಬಗ್ಗುವುದಿಲ್ಲ. ಸ್ಪ್ರೇ ತೆಳುವಾಗಿದ್ದ ಒಂದು ಅಂಚಿನಲ್ಲಷ್ಟೇ ಬೊಬ್ಬೆ ಎದ್ದಿತ್ತು.

ನಾಲ್ಕನೆಯದಕ್ಕೆ ಕೋಟಿಂಗೇ ಇಲ್ಲ. ಉಪ್ಪಿಗೇ ಮೆಗ್ನೀಷಿಯಂ ಆಕ್ಸೈಡ್ ಬೆರೆಸಿದ್ದೆ. ಬೇರೆ ಚೂರುಗಳು ಒದ್ದೆಯಾದಂತೆ ಹೊಳೆಯುತ್ತಿದ್ದರೆ ಇದರ ಮೇಲೆ ಒಣ ಸುಣ್ಣದಂಥ ಪುಡಿ. ವೆನೇಡಿಯಂ ಮೆಗ್ನೀಷಿಯಂ ಜೊತೆ ಸೇರಿ 900ಕ್ಕೂ ಕರಗದ ವೆನೇಡೇಟ್ ಆಗುತ್ತದೆ. ವೆನೇಡಿಯಂ ದ್ರವವೇ ಇಲ್ಲದ ಮೇಲೆ ಅಷ್ಟು ಕೊರೆಯುವುದು ಹೇಗೆ, ಅಲ್ವಾ?

ಹಾಗಾದರೆ ಯಾವುದು ಮೇಲು? ಎಣ್ಣೆಯಲ್ಲಿ ಸೋಡಿಯಂ ಮಾತ್ರ ಜಾಸ್ತಿ ಇದ್ದರೆ ಮೊದಲು ಎಣ್ಣೆಯನ್ನು ನೀರಿನಲ್ಲಿ ತೊಳೆಯಿರಿ. ವೆನೇಡಿಯಂ ಹಾಗೆ ಹೋಗುವುದಿಲ್ಲ, ಎಣ್ಣೆಯ ಅಣುವಿನಲ್ಲೇ ಸಿಕ್ಕಿಕೊಂಡಿರುತ್ತದೆ. ಅದಿದ್ದರೆ ನನ್ನ ಓಟು ಮೆಗ್ನೀಷಿಯಂಗೆ. ಭಾರಿ ಎಣ್ಣೆ ಉರಿಸುವ ಟರ್ಬೈನ್‌ಗಳಲ್ಲಿ ತೂಕದಲ್ಲಿ ಒಂದು ಪಾಲು ವೆನೇಡಿಯಂಗೆ ಮೂರು ಪಾಲು ಮೆಗ್ನೀಷಿಯಂನಂತೆ ಹಾಕುವ ರೂಢಿಯೂ ಇದೆ. ಆದರೆ ಪುಕ್ಕಟೆ ಅಲ್ಲ. ಬೂದಿ ಬ್ಲೇಡಿಗೆ ಅಂಟಿ ಶಕ್ತಿ ಇಳಿಯುತ್ತದೆ, ಆಗಾಗ ಯಂತ್ರ ನಿಲ್ಲಿಸಿ ತೊಳೆಯಬೇಕು. ನನ್ನ ಪಾತ್ರೆಯಲ್ಲಿ ಆ ತಾಪತ್ರಯ ಇರಲಿಲ್ಲ, ಹಾಗಾಗಿ ಮೆಗ್ನೀಷಿಯಂಗೆ ನಾನು ಕೊಟ್ಟ ಅಂಕ ಸ್ವಲ್ಪ ಧಾರಾಳವೇ. ಅದರ ಮೇಲೆ ನಿಕಲ್-ಕ್ರೋಮಿಯಂ ಕೋಟಿಂಗೂ ಇದ್ದರೆ ಮದ್ದು ಒಂದು ದಿನ ತಪ್ಪಿದರೂ ಬ್ಲೇಡು ಉಳಿದೀತು.

ಇದೆಲ್ಲ 900 ಡಿಗ್ರಿಯ ಮಾತು. 700ರ ಸುತ್ತ ತುಕ್ಕು ಗುಂಡಿ ಗುಂಡಿಯಾಗಿ ಕೊರೆಯುತ್ತದೆ, ಅದರ ಜಾತಿಯೇ ಬೇರೆ. ಅಷ್ಟು ಹೊತ್ತಿಗೆ ನನ್ನ ಚೂರುಗಳೂ ಮುಗಿದಿದ್ದವು, ಮಳೆಗಾಲವೂ ಮುಗಿದಿತ್ತು.