ಫೋಟೊ ಪತ್ರಿಕೋದ್ಯಮದ ವಿದ್ಯಾರ್ಥಿಗೆ ಜೂಮ್ ಎಚ್1ಎನ್: ದೀರ್ಘ ಬಳಕೆಯ ನಂತರದ ವಿಮರ್ಶೆ

ಫೋಟೊ ಪತ್ರಿಕೋದ್ಯಮ ಕಲಿಯಲು ಬಂದವರು ಕೂಡಿಟ್ಟ ಹಣವನ್ನು ಮೊದಲು ಲೆನ್ಸ್‌ಗೆ ಸುರಿಯುತ್ತಾರೆ. ಚಿತ್ರ, ಧ್ವನಿ ಮತ್ತು ಒಂದಿಷ್ಟು ವಿಡಿಯೊ ಸೇರಿಸಿ ಸಾಕ್ಷ್ಯಚಿತ್ರದ ರೀತಿಯ ಪ್ರಾಜೆಕ್ಟುಗಳನ್ನು ಮಾಡುವ ಮನಸ್ಸಿದ್ದರೆ ಆ ಹಣದಲ್ಲೊಂದು ಪಾಲನ್ನು ಧ್ವನಿಮುದ್ರಕಕ್ಕೆ ತೆಗೆದಿಡಬೇಕು. ಕೋರ್ಸಿನ ಮೊದಲ ವರ್ಷದಿಂದ ಇಲ್ಲಿಯವರೆಗೆ ನನ್ನ ಎಲ್ಲ ಪ್ರಾಜೆಕ್ಟುಗಳ ಧ್ವನಿಯೂ ಜೂಮ್ ಎಚ್1ಎನ್ ಎಂಬ ಪುಟ್ಟ ಯಂತ್ರದಲ್ಲಿ ದಾಖಲಾಗಿದೆ. ಚಿತ್ರ ತೆಗೆಯುವ ನನ್ನ ರೀತಿಯನ್ನು ಕ್ಯಾಮೆರಾಕ್ಕಿಂತ ಹೆಚ್ಚಾಗಿ ಬದಲಿಸಿದ್ದು ಇದೇ ಯಂತ್ರ.

ಮೊದಲು ಯಂತ್ರದ ಪರಿಚಯ. 2018ರಲ್ಲಿ ಮಾರುಕಟ್ಟೆಗೆ ಬಂದ ಇದರ ತೂಕ ಬ್ಯಾಟರಿ ಬಿಟ್ಟರೆ ಸುಮಾರು 60 ಗ್ರಾಂ. ನೆತ್ತಿಯ ಮೇಲೆ 90 ಡಿಗ್ರಿ ಕೋನದಲ್ಲಿ ಕೂರಿಸಿದ ಎರಡು ಮೈಕ್‌ಗಳಿವೆ. ಎರಡು ಟ್ರಿಪಲ್ ಎ ಬ್ಯಾಟರಿಗಳಿಂದ ಸುಮಾರು 10 ಗಂಟೆ ನಡೆಯುತ್ತದೆ ಎಂದು ಕಂಪನಿ ಹೇಳುತ್ತದೆ. ಬ್ಯಾಟರಿ ಎಲ್ಲೆಡೆ ಸಿಗುವಂಥದ್ದಾದ್ದರಿಂದ ಚಾರ್ಜಿಂಗ್ ಚಿಂತೆಯಿಲ್ಲ. 32 ಜಿಬಿಯವರೆಗಿನ ಮೈಕ್ರೊ ಎಸ್‌ಡಿ ಕಾರ್ಡ್ ಹಿಡಿಸುತ್ತದೆ. ವಿಡಿಯೊ ಜತೆ ಜೋಡಿಸುವುದರಿಂದ ನಾನು ಯಾವಾಗಲೂ 24 ಬಿಟ್, 48 ಕಿಲೊಹರ್ಟ್ಸ್‌ನ ವೇವ್ ಫೈಲ್ (ಧ್ವನಿಯನ್ನು ಕುಗ್ಗಿಸದೆ ಉಳಿಸುವ ಬಗೆ) ಆಗಿಯೇ ದಾಖಲಿಸುತ್ತೇನೆ. ಒಂದು ಗಂಟೆಯ ಮಾತಿಗೆ ಒಂದು ಜಿಬಿಗಿಂತ ತುಸು ಹೆಚ್ಚು ಜಾಗ ಬೇಕು. ಫೈಲ್ 2 ಜಿಬಿ ದಾಟಿದಾಗ ಯಂತ್ರವೇ ಹೊಸ ಫೈಲ್ ಆರಂಭಿಸುತ್ತದೆ. ದೀರ್ಘ ಸಂದರ್ಶನವನ್ನು ಸಂಕಲನದಲ್ಲಿ ಜೋಡಿಸುವಾಗ ಇದು ನೆನಪಿರಲಿ.

ನನಗೆ ಹೆಚ್ಚು ಮೆಚ್ಚುಗೆಯಾಗಿದ್ದು ಮುಖದ ಮೇಲಿರುವ ಗುಂಡನೆಯ ತಿರುಗುಗುಂಡಿ. ಧ್ವನಿಯ ಮಟ್ಟವನ್ನು ಮೆನುವಿನೊಳಗೆ ಹುಡುಕಬೇಕಿಲ್ಲ, ಹೆಬ್ಬೆರಳಿನಲ್ಲಿ ತಿರುಗಿಸಿದರಾಯಿತು. ಮಾತಿನ ಏರುದನಿ ಮೈನಸ್ 12 ಡೆಸಿಬಲ್ (ದನಿ ಒಡೆಯುವ ಮಿತಿಯಾದ ಸೊನ್ನೆಗಿಂತ ಅಷ್ಟು ಕೆಳಗೆ) ಆಸುಪಾಸಿನಲ್ಲಿ ನಿಲ್ಲುವಂತೆ ಹೊಂದಿಸಿ, ದನಿ ದಿಢೀರನೆ ಏರಿದರೆ ಒಡೆಯದಿರಲೆಂದು ಲಿಮಿಟರ್ ಹಾಕಿಡುತ್ತೇನೆ. ಮಟ್ಟವನ್ನು ತಾನೇ ಹೊಂದಿಸಿಕೊಳ್ಳುವ ಸೌಲಭ್ಯವೂ ಇದೆ. ಆದರೆ ಒಬ್ಬರ ಮಾತಿನ ಮಧ್ಯೆ ಮಟ್ಟ ಬದಲಾದರೆ ಸಂಕಲನದಲ್ಲಿ ಸರಿಪಡಿಸುವುದು ಕಷ್ಟ. ನಾನು ಅದನ್ನು ಬಳಸುವುದಿಲ್ಲ.

ಇನ್ನು ಮೈಕ್. ಎರಡು ಮೈಕ್‌ಗಳ ಈ ಜೋಡಣೆ ಒಂದು ಜಾಗದ ಸದ್ದನ್ನು ಹಿಡಿಯುವುದಕ್ಕೆ ಹೇಳಿ ಮಾಡಿಸಿದ್ದು. ಕಾರ್ಯಾಗಾರ, ನಿಲ್ದಾಣ, ಮಳೆ ಬೀಳುವ ತಗಡಿನ ಚಾವಣಿ ಇಂಥವುಗಳನ್ನು ಹೆಡ್‌ಫೋನ್‌ನಲ್ಲಿ ಕೇಳಿದರೆ ಎಡಬಲಗಳು ತೆರೆದುಕೊಳ್ಳುತ್ತವೆ. ಒಬ್ಬರೇ ಮಾತನಾಡುವಾಗ ಮಾತ್ರ ಅವರು ತಲೆ ತಿರುಗಿಸಿದಂತೆಲ್ಲ ದನಿಯೂ ಆ ಕಿವಿಯಿಂದ ಈ ಕಿವಿಗೆ ಸರಿಯುತ್ತದೆ. ಆದ್ದರಿಂದ ಸಂದರ್ಶನಗಳನ್ನು ನಾನು ಸಂಕಲನದಲ್ಲಿ ಮೊನೊಗೆ, ಅಂದರೆ ಎರಡೂ ಕಿವಿಗೆ ಒಂದೇ ದನಿ ಕೇಳುವಂತೆ ಇಳಿಸಿಕೊಳ್ಳುತ್ತೇನೆ. ಯಂತ್ರವನ್ನು ಬಾಯಿಯಿಂದ ಒಂದು ಗೇಣು ದೂರದಲ್ಲಿ, ನೇರ ಎದುರಿಗಲ್ಲದೆ ತುಸು ಓರೆಯಾಗಿ ಇಟ್ಟರೆ 'ಪ', 'ಬ' ಅಕ್ಷರಗಳ ಉಸಿರು ಮೈಕ್‌ಗೆ ಬಡಿಯುವುದಿಲ್ಲ. ಕೈಯಲ್ಲಿ ಹಿಡಿದುಕೊಂಡರೆ ಬೆರಳಿನ ಚಲನೆಯೂ ದಾಖಲಾಗುತ್ತದೆ; ಈ ಗಾತ್ರದ ಹಗುರ ಯಂತ್ರಗಳಿಗೆ ಅದು ಸಹಜ. ಬೆನ್ನಿನಲ್ಲಿ ಟ್ರೈಪಾಡ್ ಸಿಕ್ಕಿಸುವ ತಿರುಪಿನ ಜಾಗವಿದೆ. ಮೇಜಿನ ಮೇಲಿಡುವ ಪುಟ್ಟ ಟ್ರೈಪಾಡ್ ಒಂದಿದ್ದರೆ ಈ ತೊಂದರೆಯೇ ಇಲ್ಲ.

ಗಾಳಿಯ ವಿಷಯದಲ್ಲಿ ರಾಜಿ ಬೇಡ. ಕೆಳಗಿನ ಕಂಪನಾಂಕಗಳನ್ನು ಕತ್ತರಿಸುವ ಗುಂಡಿ ವಾಹನಗಳ ಗುಡುಗುಡು ಸದ್ದನ್ನು ತಗ್ಗಿಸುತ್ತದೆಯೇ ಹೊರತು ಬಯಲಿನ ಗಾಳಿಗೆ ಸಾಲದು. ತುಪ್ಪಳದ ಹೊದಿಕೆ ಹಾಕಲೇಬೇಕು. ಹೆಡ್‌ಫೋನ್ ಕೂಡ ಅಷ್ಟೇ ಮುಖ್ಯ. ನಮ್ಮ ಕಿವಿ ಫ್ಯಾನು, ಫ್ರಿಜ್ಜುಗಳ ಸದ್ದಿಗೆ ಒಗ್ಗಿಹೋಗಿರುತ್ತದೆ, ಮೈಕ್ ಒಗ್ಗಿಕೊಳ್ಳುವುದಿಲ್ಲ. ಸಂದರ್ಶನಕ್ಕೆ ಹೋದ ಮನೆಯಲ್ಲಿ ಅನುಮತಿ ಕೇಳಿ ಫ್ರಿಜ್ ಆರಿಸುವುದು ಮತ್ತು ಹೊರಡುವಾಗ ಮತ್ತೆ ಹಾಕಲು ಮರೆಯದಂತೆ ನಮ್ಮ ಬೀಗದ ಕೈಯನ್ನು ಅದರೊಳಗೇ ಇಡುವುದು ಧ್ವನಿಮುದ್ರಣ ಮಾಡುವವರ ಹಳೆಯ ಉಪಾಯ. ನಾನೂ ಅದನ್ನೇ ಪಾಲಿಸುತ್ತೇನೆ.

ಈ ಯಂತ್ರ ನನ್ನ ಕೆಲಸದ ಕ್ರಮವನ್ನೇ ಬದಲಿಸಿತು ಎಂದೆನಲ್ಲ, ಅದು ಹೀಗೆ. ಮೆಕ್ಯಾನಿಕಲ್ ಶಟರ್‌ನ ಸದ್ದು ಧ್ವನಿಯಲ್ಲಿ ಸ್ಪಷ್ಟವಾಗಿ ಸೇರಿಕೊಳ್ಳುತ್ತದೆ. ಹಾಗಾಗಿ ಮಾತು ದಾಖಲಾಗುವಾಗ ಕ್ಯಾಮೆರಾ ಚೀಲದಲ್ಲಿರುತ್ತದೆ. 'ಹೂಂ', 'ಹೌದು' ಎನ್ನುವುದನ್ನೂ ಬಿಟ್ಟು ತಲೆಯಾಡಿಸುವುದನ್ನು ರೂಢಿಸಿಕೊಂಡೆ. ಎದುರಿನವರು ಮಾತು ನಿಲ್ಲಿಸಿದರೆ ತಕ್ಷಣ ಮುಂದಿನ ಪ್ರಶ್ನೆ ಎಸೆಯದೆ ಕಾಯುತ್ತೇನೆ. ಬಟ್ಟೆ ಹೊಲಿಯುವ ಅಜ್ಜಿಯೊಬ್ಬರ ಬಗ್ಗೆ ಪ್ರಾಜೆಕ್ಟ್ ಮಾಡುವಾಗ ಅವರು ಗಂಡನ ವಿಷಯ ಹೇಳುತ್ತಾ ನಡುವೆ ಸುಮ್ಮನಾದರು. ಹೊಲಿಗೆ ಯಂತ್ರ ಒಂದು ಇಡೀ ಹೊಲಿಗೆ ಮುಗಿಸಿತು. ಆಮೇಲೆ, 'ಈ ಯಂತ್ರ ಅವರೇ ಕೊಡಿಸಿದ್ದು' ಎಂದರು. ಆ ಮಾತು ಕೇಳುವವರೆಗೆ ನನ್ನ ಪಟ್ಟಿಯಲ್ಲಿದ್ದದ್ದು ಅವರ ಮುಖದ ಚಿತ್ರಗಳು. ಕೇಳಿದ ಮೇಲೆ ಯಂತ್ರದ ಚಕ್ರ, ಅದನ್ನು ತಡೆದು ನಿಲ್ಲಿಸುವ ಅವರ ಅಂಗೈ, ಬಣ್ಣ ಸವೆದ ಮರದ ಹಲಗೆ ಇವೆಲ್ಲ ತೆಗೆಯಲೇಬೇಕಾದ ಚಿತ್ರಗಳಾದವು. ಮೊದಲು ಕೇಳು, ಆಮೇಲೆ ನೋಡು ಎಂಬ ಈ ಕ್ರಮವನ್ನು ನಾನು ಬಿಟ್ಟಿಲ್ಲ.

ಹಿಂಬದಿಯ ಪುಟ್ಟ ಸ್ಪೀಕರ್‌ನ ಧ್ವನಿ ತೆಳು. ಆದರೂ ನನಗೆ ಅದು ಅಮೂಲ್ಯ. ಮುದ್ರಣ ಮುಗಿದ ಕೂಡಲೇ ಅದೇ ಅಜ್ಜಿಗೆ ಅವರ ಮಾತನ್ನು ಕೇಳಿಸಿದೆ. ಮಗನ ಬಗ್ಗೆ ಆಡಿದ ಒಂದು ಮಾತು ಬೇಡ ಎಂದರು, ತೆಗೆದೆ. ತಮ್ಮ ಮಾತನ್ನು ತಾವೇ ಕೇಳಿದ ನಂತರ ಕೊಡುವ ಒಪ್ಪಿಗೆಗೆ ಕಾಗದದ ಮೇಲಿನ ಸಹಿಗಿಂತ ಹೆಚ್ಚು ತೂಕವಿದೆ ಎಂದು ನಾನು ನಂಬುತ್ತೇನೆ.

ಸಂಕಲನದ ಮೇಜಿನಲ್ಲಿ ಇನ್ನೊಂದು ಎಚ್ಚರ ಬೇಕು. ಅಮೆರಿಕದ ಪತ್ರಿಕಾ ಛಾಯಾಗ್ರಾಹಕರ ಸಂಘಟನೆಯಾದ ಎನ್‌ಪಿಪಿಎಯ ನೀತಿಸಂಹಿತೆ, ನೋಡುಗರನ್ನು ದಾರಿ ತಪ್ಪಿಸುವಂತೆ ಚಿತ್ರವನ್ನು ತಿದ್ದಬಾರದು ಎನ್ನುವ ವಾಕ್ಯದಲ್ಲೇ ಧ್ವನಿಯನ್ನು ಸೇರಿಸುವುದು, ಬದಲಿಸುವುದು ಕೂಡ ಸಲ್ಲದು ಎನ್ನುತ್ತದೆ. ಬೇರೆ ಕಡೆಯ ಹೊಲಿಗೆ ಯಂತ್ರದ ಸದ್ದನ್ನು ಈ ಚಿತ್ರಗಳ ಕೆಳಗೆ ಹಾಕುವುದು ಸುಲಭ, ಆದರೆ ಅದು ಸುಳ್ಳು. ಅದಕ್ಕಾಗಿಯೇ ಪ್ರತಿ ಕೋಣೆಯಲ್ಲೂ ಯಾರೂ ಮಾತನಾಡದಂತೆ ಕೇಳಿಕೊಂಡು ಒಂದು ನಿಮಿಷದ ಖಾಲಿ ಸದ್ದನ್ನು ದಾಖಲಿಸಿಕೊಳ್ಳುತ್ತೇನೆ. ಮಾತುಗಳ ನಡುವೆ ಕತ್ತರಿಸಿದ ಜಾಗವನ್ನು ಅದೇ ಕೋಣೆಯ ಸದ್ದು ತುಂಬುತ್ತದೆ. ಇನ್ನೊಂದು ಒಳ್ಳೆಯ ಸೌಲಭ್ಯವೆಂದರೆ, ಮೊದಲೇ ಹೊಂದಿಸಿಟ್ಟರೆ ಗುಂಡಿ ಒತ್ತುವುದಕ್ಕಿಂತ 2 ಸೆಕೆಂಡ್ ಹಿಂದಿನ ಸದ್ದನ್ನೂ ಈ ಯಂತ್ರ ಉಳಿಸಿಕೊಳ್ಳುತ್ತದೆ. ಇದ್ದಕ್ಕಿದ್ದಂತೆ ಬರುವ ಸದ್ದುಗಳಿಗೆ ಇದು ಬಹಳ ಉಪಯುಕ್ತ.

ಮಿತಿಗಳೂ ಇವೆ. ಎಕ್ಸ್‌ಎಲ್‌ಆರ್ ಕೇಬಲ್ (ವೃತ್ತಿಪರ ಮೈಕ್‌ಗಳ ಮೂರು ಪಿನ್ನಿನ ಕೇಬಲ್) ಸಿಕ್ಕಿಸಲು ಜಾಗವಿಲ್ಲ, ಕೇಬಲ್ ಮೂಲಕವೇ ಮೈಕ್‌ಗೆ ಹರಿಯುವ ಫ್ಯಾಂಟಮ್ ವಿದ್ಯುತ್ ಇಲ್ಲ. ಎದುರಿನ ಸದ್ದನ್ನೇ ಹೆಚ್ಚಾಗಿ ಹಿಡಿಯುವ ಉದ್ದನೆಯ ವೃತ್ತಿಪರ ಶಾಟ್‌ಗನ್ ಮೈಕ್‌ಗಳಲ್ಲಿ ಹೆಚ್ಚಿನವು ಇದಕ್ಕೆ ಹೊಂದುವುದಿಲ್ಲ. ಕಾಲರ್ ಮೈಕನ್ನು 3.5 ಮಿಲಿಮೀಟರ್ ಜಾಕ್ ಮೂಲಕ ಜೋಡಿಸಬಹುದು, ನಾನು ನಡೆದಾಡುವ ದೃಶ್ಯಗಳಿಗೆ ಹಾಗೆಯೇ ಮಾಡುತ್ತೇನೆ. ವಿಡಿಯೊ ಮತ್ತು ಧ್ವನಿ ಬೇರೆ ಬೇರೆ ಯಂತ್ರಗಳಲ್ಲಿರುವುದರಿಂದ ಆರಂಭದಲ್ಲಿ ಒಂದು ಚಪ್ಪಾಳೆ ತಟ್ಟಬೇಕು, ದೀರ್ಘ ದೃಶ್ಯವಾದರೆ ಕೊನೆಯಲ್ಲೂ ತಟ್ಟಬೇಕು. ಎರಡು ಯಂತ್ರಗಳ ಗಡಿಯಾರಗಳು ನಿಧಾನವಾಗಿ ಒಂದರಿಂದೊಂದು ಸರಿಯುತ್ತವೆ.

ಈಗ ಕೊಳ್ಳುವವರು ಇದೇ ಕಂಪನಿ 2024ರಲ್ಲಿ ತಂದ ಎಚ್1 ಎಸೆನ್ಶಿಯಲ್ ಅನ್ನೂ ನೋಡಬೇಕು. ಅದು ಅತಿ ಮೆಲ್ಲನೆಯ ಮತ್ತು ಅತಿ ಜೋರಿನ ಸದ್ದು ಎರಡನ್ನೂ ಹಿಡಿಯುವ 32 ಬಿಟ್ ಫ್ಲೋಟ್ ಎಂಬ ಬಗೆಯಲ್ಲಿ ದಾಖಲಿಸುವುದರಿಂದ ಮಟ್ಟ ಹೊಂದಿಸುವ ಕೆಲಸವೇ ಇಲ್ಲ. ಪಿಸುಮಾತನ್ನೂ ಕಿರುಚಾಟವನ್ನೂ ಸಂಕಲನದಲ್ಲಿ ಸರಿದೂಗಿಸಬಹುದು. ಒಬ್ಬರೇ ಕ್ಯಾಮೆರಾ ಮತ್ತು ಧ್ವನಿ ಎರಡನ್ನೂ ನಿಭಾಯಿಸುವಾಗ ಇದು ದೊಡ್ಡ ನೆಮ್ಮದಿ. ಆದರೆ ಮೈಕನ್ನು ದೂರ ಇಟ್ಟು ಮುದ್ರಿಸಿದ ಮಾತು ಯಾವ ಫ್ಲೋಟ್‌ನಲ್ಲೂ ಹತ್ತಿರ ಬರುವುದಿಲ್ಲ. ಹಳೆಯ ಎಚ್1ಎನ್ ಕಡಿಮೆ ಬೆಲೆಗೆ ಸಿಕ್ಕರೆ ಧೈರ್ಯವಾಗಿ ಕೊಳ್ಳಿ, ಉಳಿದ ಹಣದಲ್ಲಿ ಕಿವಿ ಪೂರ್ತಿ ಮುಚ್ಚುವ ಹೆಡ್‌ಫೋನ್ ಮತ್ತು ತುಪ್ಪಳದ ಹೊದಿಕೆ ತೆಗೆದುಕೊಳ್ಳಿ.