ಕಬ್ಬಿನ ಹಂಗಾಮು ಬಂತು, ಸೈಕಲ್ ಮಕ್ಕಳನ್ನು ನಸುಕಿನಲ್ಲಿ ರಸ್ತೆಗೆ ಬಿಡಬೇಡಿ

ವಿಜಯಪುರ, ಬಾಗಲಕೋಟೆ ಜಿಲ್ಲೆಗಳಲ್ಲಿ ರೇಸ್ ಸೈಕಲ್ ತುಳಿಯುವ ಮಕ್ಕಳಿರುವ ಮನೆಯವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಕಳೆದ ಹಂಗಾಮಿನಲ್ಲಿ ನನ್ನ ಅಣ್ಣನ ಮಗಳು ಅಭ್ಯಾಸದ ವೇಳೆ ಬಿದ್ದು ಹೆಗಲಿನ ಕಾಲರ್ ಮೂಳೆ ಮುರಿದುಕೊಂಡಳು. ಅವಳಿಗೆ ಯಾವ ವಾಹನವೂ ಗುದ್ದಲಿಲ್ಲ. ನೀರಿನ ಪೈಪಿಗೆಂದು ರಸ್ತೆಯನ್ನು ಅಡ್ಡಡ್ಡ ಅಗೆದು, ಮೇಲೆ ಒಂದಿಷ್ಟು ಖಡಿ (ಜಲ್ಲಿಕಲ್ಲು) ಸುರಿದು ಹೋಗಿದ್ದರು. ಅಷ್ಟೇ ಸಾಕಾಯಿತು.

ಹೈವೇಯಲ್ಲಿ ಮಕ್ಕಳು ಯಾಕೆ ಸೈಕಲ್ ಓಡಿಸಬೇಕು ಎಂದು ಹೊರಗಿನವರು ಕೇಳುತ್ತಾರೆ. ಬೇರೆಲ್ಲಿ ಓಡಿಸಬೇಕು? ನಮ್ಮ ಕಡೆ ಸೈಕ್ಲಿಂಗ್ ಹವ್ಯಾಸವಲ್ಲ, ಬದುಕಿನ ದಾರಿ. ಒಂದು ರಾಷ್ಟ್ರೀಯ ಪದಕ ಬಂದರೆ ರೈಲ್ವೆಯಲ್ಲಿಯೋ ಸೇನೆಯಲ್ಲಿಯೋ ಕೆಲಸ ಸಿಕ್ಕೀತು ಎಂಬ ಲೆಕ್ಕದಲ್ಲಿ ಒಣಬೇಸಾಯದ ಮನೆಗಳು ಎಮ್ಮೆ ಮಾರಿ ಸೈಕಲ್ ಕೊಡಿಸುತ್ತವೆ. ವಿಜಯಪುರದ ವೆಲೊಡ್ರೋಮ್, ಅಂದರೆ ಸೈಕಲ್ ಓಟಕ್ಕೆಂದೇ ಕಟ್ಟುವ ಟ್ರ್ಯಾಕಿನ, ಕೆಲಸ ಎಷ್ಟು ವರ್ಷ ತೆವಳಿತು ಎಂಬುದು ಇಲ್ಲಿ ಎಲ್ಲರಿಗೂ ಗೊತ್ತಿರುವ ವಿಷಯ. ಅದಿದ್ದರೂ ರಸ್ತೆ ಸ್ಪರ್ಧೆಗೆ ತಯಾರಾಗುವವರು ರಸ್ತೆಗೆ ಇಳಿಯಲೇಬೇಕು. ವೆಲೊಡ್ರೋಮಿನಲ್ಲಿ ಓಡುವುದು ಬ್ರೇಕಿಲ್ಲದ, ಗೇರಿಲ್ಲದ ಟ್ರ್ಯಾಕ್ ಸೈಕಲ್. ಹತ್ತಾರು ಕಿಲೋಮೀಟರಿನ ಟೈಮ್ ಟ್ರಯಲ್ (ಗಡಿಯಾರಕ್ಕೆ ಎದುರಾಗಿ ಓಡುವ ಸ್ಪರ್ಧೆ) ಅಭ್ಯಾಸ ಅಲ್ಲಿ ಆಗುವುದಿಲ್ಲ. ಹಾಗಾಗಿ ಸೊಲ್ಲಾಪುರದ ಕಡೆಯ, ಕೊಲ್ಹಾರದ ಕಡೆಯ, ಹುನಗುಂದದ ಕಡೆಯ ರಸ್ತೆಗಳೇ ನಮ್ಮ ಮಕ್ಕಳ ಮೈದಾನ.

ತಾಲ್ಲೂಕು ಕ್ರೀಡಾಂಗಣದ ಕಥೆ ಇನ್ನೂ ಚಂದ. ನಮ್ಮ ಊರಿನದರಲ್ಲಿ ಗರಸು (ಕಲ್ಲು ಬೆರೆತ ಮಣ್ಣು) ಹಾಸಿದ ಓಟದ ಪಥವಿದೆ. ಮಳೆ ಬಂದರೆ ಕೆಸರು, ಮಳೆ ಹೋದರೆ ಹರಳು. ಯಾವುದಾದರೂ ಸಭೆ ಸಮಾರಂಭ ನಡೆದರೆ ಪೆಂಡಾಲಿನ ಕಂಬಗಳಿಗೆ ಪಥದ ಮೇಲೆಯೇ ಗುಂಡಿ ತೋಡುತ್ತಾರೆ. ಕಂಬ ಕಿತ್ತುಕೊಂಡು ಹೋಗುವವರಿಗೆ ಗುಂಡಿ ಮುಚ್ಚುವ ವ್ಯವಧಾನವಿರುವುದಿಲ್ಲ. ಸೈಕಲ್ ಹುಡುಗರು ವಾರ್ಮ್‌ಅಪ್‌ಗೂ ಅಲ್ಲಿಗೆ ಹೋಗುವುದನ್ನು ಬಿಟ್ಟಿದ್ದಾರೆ, ಯಾಕೆಂದರೆ ಉಳಿದ ಮೊಳೆಗಳು ಟೈರಿನಲ್ಲಿ ಕೂರುತ್ತವೆ.

ಇನ್ನು ಆ ರಸ್ತೆಯ ವಿಷಯ. ನಮ್ಮದು ಎರೆ ಭೂಮಿ. ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಬಿರುಕು ಬಿಡುತ್ತದೆ. ಇದರ ಮೇಲೆ ರಸ್ತೆ ನಿಲ್ಲಿಸುವುದೇ ಕಷ್ಟ. ಮಾಡಿದ ರಸ್ತೆಯನ್ನು ಕೊರೆದರಂತೂ ಇನ್ನೂ ಎಚ್ಚರ ಬೇಕು. ಪೈಪ್ ಹಾಕಿದ ಮೇಲೆ ಗರಸು ತುಂಬಿ, ಪದರ ಪದರವಾಗಿ ನೀರು ಹೊಡೆದು ದಮ್ಮಸ್ಸು ಮಾಡಿ, ಕೊನೆಗೆ ಡಾಂಬರು ಹಾಕಬೇಕು. ಆದರೆ ಅಗೆದ ಎರೆ ಮಣ್ಣನ್ನೇ ಮತ್ತೆ ಗುಂಡಿಗೆ ನೂಕಿ, ಖಡಿ ಚೆಲ್ಲಿ, ಫೋಟೊ ತೆಗೆದುಕೊಂಡು ಹೋಗುತ್ತಾರೆ. ಮೊದಲ ವಾರ ಅದು ಸಮತಟ್ಟಾಗಿಯೇ ಕಾಣುತ್ತದೆ. ಹತ್ತಾರು ಟನ್ ಕಬ್ಬು ಹೊತ್ತ ಟ್ರ್ಯಾಕ್ಟರುಗಳು ಅದರ ಮೇಲೆ ಓಡಾಡಿದ ಮೇಲೆ ನಡುವೆ ಗೇಣುದ್ದದ ತಗ್ಗು, ಎರಡೂ ಬದಿಗೆ ಕೊರೆದ ಡಾಂಬರಿನ ಚೂಪು ಅಂಚು, ಸುತ್ತ ಚೆಲ್ಲಾಡಿದ ಖಡಿ ಉಳಿಯುತ್ತವೆ. ಬೈಕಿನವರಿಗೆ ಒಂದು ಕುಲುಕು, ಲಾರಿಯವರಿಗೆ ಅದೂ ಇಲ್ಲ. ರೇಸ್ ಸೈಕಲ್ಲಿನ ಟೈರು 25 ಮಿಲಿಮೀಟರ್ ಅಗಲ, ಒಳಗೆ ಕಲ್ಲಿನಂತೆ ಬಿಗಿದ ಗಾಳಿ. ಗಂಟೆಗೆ 40 ಕಿಲೋಮೀಟರ್ ವೇಗದಲ್ಲಿ ಸೈಕಲ್ ಒಂದು ಸೆಕೆಂಡಿಗೆ 11 ಮೀಟರ್ ಸಾಗುತ್ತದೆ. ಕತ್ತಲೆಯಲ್ಲಿ ತಗ್ಗು ಕಣ್ಣಿಗೆ ಬೀಳುವುದಕ್ಕೂ ಚಕ್ರ ಅದರೊಳಗೆ ಇಳಿಯುವುದಕ್ಕೂ ನಡುವೆ ಬ್ರೇಕ್ ಹಿಡಿಯುವಷ್ಟು ಹೊತ್ತೂ ಸಿಗುವುದಿಲ್ಲ.

ಅಣ್ಣನ ಮಗಳು ಆ ದಿನ ಗುಂಪಿನಲ್ಲಿ ಮೂರನೆಯವಳಾಗಿದ್ದಳು. ಗಾಳಿಯ ಹೊಡೆತ ತಪ್ಪಿಸಿಕೊಳ್ಳಲು ಮುಂದಿನ ಚಕ್ರಕ್ಕೆ ಒಂದೆರಡು ಅಡಿ ಅಂತರದಲ್ಲಿ ಹಿಂಬಾಲಿಸುವುದು ಸೈಕ್ಲಿಂಗ್‌ನ ಪದ್ಧತಿ. ಅಲ್ಲಿರುವವರಿಗೆ ಕಾಣುವುದು ಮುಂದಿನವರ ಬೆನ್ನು, ರಸ್ತೆಯಲ್ಲ. ಮುಂದಿನವರು ಕೈ ಕೆಳಗೆ ಮಾಡಿ ತಗ್ಗು ತೋರಿಸಬೇಕು, ಆದರೆ ಮುಂದಿದ್ದ ಹುಡುಗನ ಕಣ್ಣಿಗೆ ಎದುರಿನ ಲಾರಿಯ ಬೆಳಕು ಬಿದ್ದಿತ್ತು. ಯಾರೋ ಪುಣ್ಯಾತ್ಮರು ತಗ್ಗಿನ ಗುರುತಿಗೆ ಜಾಲಿ ಕಂಟಿ (ಮುಳ್ಳಿನ ಗಿಡ) ಇಟ್ಟಿದ್ದರು. ಅವನು ಆ ಕಂಟಿಯನ್ನು ತಪ್ಪಿಸಲು ಹೋಗಿ ಖಡಿಯ ಮೇಲೆ ಜಾರಿದ. ಹಿಂದಿನವರು ಒಬ್ಬರ ಮೇಲೊಬ್ಬರು ಬಿದ್ದರು. ನಾನು ಬೈಕಿನಲ್ಲಿ ಹಿಂದೆಯೇ ಇದ್ದೆ. ಹಗಲಿನಲ್ಲಿ ಉಪಕಾರವಾಗುವ ಕಂಟಿ ಕತ್ತಲೆಯಲ್ಲಿ ಇನ್ನೊಂದು ಅಡ್ಡಿಯಾಗುತ್ತದೆ ಎಂಬುದನ್ನು ಅದನ್ನು ಇಡುವವರು ದಯವಿಟ್ಟು ಗಮನಿಸಿ. ಇಡುವುದಿದ್ದರೆ ಬಿಳಿ ಚೀಲವನ್ನಾದರೂ ಕಟ್ಟಿ.

108ಕ್ಕೆ ಕರೆ ಮಾಡಿದೆವು, ಬಂತು. ಆಸ್ಪತ್ರೆಯ ಭಾಗ ಬೇಗ ಮುಗಿಯಿತು. ಮುಗಿಯದಿದ್ದದ್ದು ಆಮೇಲಿನದು. ದೂರು ಬರೆದುಕೊಳ್ಳುವವರು ಗುದ್ದಿದ ಗಾಡಿಯ ನಂಬರ್ ಕೇಳಿದರು. ಗಾಡಿ ಇಲ್ಲ, ತಗ್ಗು ಎಂದೆವು. ತಗ್ಗಿಗೆ ನಂಬರ್ ಇಲ್ಲವಲ್ಲ ಎಂದು ಪೆನ್ನು ಮುಚ್ಚಿದರು. ರಸ್ತೆ ನೋಡಿಕೊಳ್ಳುವ ಕಚೇರಿಯಲ್ಲಿ, ಅಗೆದವರು ನೀರಿನವರು ಎಂದರು. ನೀರಿನವರು ಗುತ್ತಿಗೆದಾರನ ಹೆಸರು ಹೇಳಿದರು. ಗುತ್ತಿಗೆದಾರ, ರಸ್ತೆ ದುರಸ್ತಿಯ ಹಣ ತನಗೆ ಇನ್ನೂ ಬಂದಿಲ್ಲ ಎಂದ. ಪ್ರತಿಯೊಬ್ಬರ ಮಾತೂ ಕಾಗದದ ಮೇಲೆ ಸರಿಯಾಗಿಯೇ ಇತ್ತು ಎನ್ನುವುದೇ ಸಿಟ್ಟು ತರಿಸುವ ಸಂಗತಿ.

ಇಲ್ಲಿ ನಿಮಗೆ ತಿಳಿದಿರಲೇಬೇಕಾದ ಒಂದು ವಿಷಯವಿದೆ. ಅಪಘಾತ ಪರಿಹಾರ ನ್ಯಾಯಮಂಡಳಿಗೆ ಹೋಗಬೇಕಾದರೆ ಮೋಟಾರು ವಾಹನದಿಂದ ಆದ ಅಪಘಾತವಾಗಿರಬೇಕು. ಕೇಂದ್ರ ಸರ್ಕಾರ 2025ರಲ್ಲಿ ತಂದ ನಗದುರಹಿತ ಚಿಕಿತ್ಸಾ ಯೋಜನೆಯಲ್ಲಿ ಏಳು ದಿನಗಳವರೆಗೆ ಒಂದೂವರೆ ಲಕ್ಷ ರೂಪಾಯಿಯ ಚಿಕಿತ್ಸೆ ಸಿಗುತ್ತದೆ, ಅದೂ ಮೋಟಾರು ವಾಹನದ ಅಪಘಾತಕ್ಕೆ ಮಾತ್ರ. ತಾನಾಗಿ ತಗ್ಗಿಗೆ ಬಿದ್ದ ಸೈಕಲ್ ಸವಾರ ಇವೆರಡರ ಹೊರಗೆ ಉಳಿಯುತ್ತಾನೆ. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಸೇರಿಸಿದ 198ಎ ಕಲಮಿನಲ್ಲಿ, ರಸ್ತೆಯ ವಿನ್ಯಾಸ ಮತ್ತು ನಿರ್ವಹಣೆಯಲ್ಲಿ ನಿಗದಿತ ಮಾನದಂಡ ಪಾಲಿಸದ ಗುತ್ತಿಗೆದಾರ ಅಥವಾ ಪ್ರಾಧಿಕಾರಕ್ಕೆ ಒಂದು ಲಕ್ಷ ರೂಪಾಯಿಯವರೆಗೆ ದಂಡವಿದೆ. ಆದರೆ ಅದರಿಂದ ಸಾವು ಅಥವಾ ಅಂಗವೈಕಲ್ಯ ಆಗಿರಬೇಕು. ಮುರಿದು ಕೂಡಿಕೊಳ್ಳುವ ಮೂಳೆಗೆ ಅಲ್ಲಿ ಜಾಗವಿಲ್ಲ. ಆದ್ದರಿಂದ ವೈಯಕ್ತಿಕ ಅಪಘಾತ ವಿಮೆಯನ್ನು ಈಗಲೇ ಮಾಡಿಸಿ, ಸಹಿ ಹಾಕುವ ಮುನ್ನ ಕ್ರೀಡಾ ಸ್ಪರ್ಧೆ ಮತ್ತು ಅಭ್ಯಾಸವನ್ನು ಅದು ಹೊರಗಿಟ್ಟಿದೆಯೇ ಎಂದು ಓದಿಸಿ ನೋಡಿ. ಕೆಲವು ಪಾಲಿಸಿಗಳು ಹೊರಗಿಡುತ್ತವೆ.

ಘಟನೆಯಾದ ಮೇಲೆ ನಮ್ಮ ಓಣಿಯ ಚಹಾದಂಗಡಿಯ ಮುಂದೆ ಇದೇ ಚರ್ಚೆ. ಹೆಣ್ಣುಮಗಳನ್ನು ರಸ್ತೆಗೆ ಯಾಕೆ ಬಿಟ್ಟಿರಿ ಎಂದವರಿದ್ದರು. ಜೊತೆಗೆ ಬಿದ್ದ ಹುಡುಗರ ಬಗ್ಗೆ ಅವರು ಏನೂ ಕೇಳಲಿಲ್ಲ. ನಿವೃತ್ತ ದೈಹಿಕ ಶಿಕ್ಷಕರೊಬ್ಬರು, ಊರಿಗೆ ಕ್ರೀಡಾಂಗಣ ಬೇಕು ಎಂದು ಅರ್ಜಿ ಬರೆಯುವುದನ್ನು ನಿಲ್ಲಿಸಿ, ಒಂದು ಒಳರಸ್ತೆಯನ್ನು ಬೆಳಿಗ್ಗೆ ಎರಡು ಗಂಟೆ ಭಾರಿ ವಾಹನಗಳಿಗೆ ಮುಚ್ಚಿ ಎಂದು ಬರೆಯೋಣ ಎಂದರು. ನನಗೆ ಅದೇ ಸರಿಯೆನಿಸಿತು. ಕಟ್ಟಡಕ್ಕೆ ಕೋಟಿ ಬೇಕು, ಅದಕ್ಕೆ ಉದ್ಘಾಟನೆ ಬೇಕು. ಬ್ಯಾರಿಕೇಡಿಗೆ ಇಬ್ಬರು ಹೋಂ ಗಾರ್ಡ್ ಸಾಕು. ಅರ್ಜಿ ಕೊಟ್ಟಿದ್ದೇವೆ. ಉತ್ತರ ಬಂದಿಲ್ಲ.

ಅಲ್ಲಿಯವರೆಗೆ ನನ್ನ ಮಾತು ಕೇಳಿ. ಕಾರ್ಖಾನೆಗಳು ಕಬ್ಬು ಅರೆಯುವ ತಿಂಗಳುಗಳಲ್ಲಿ ಬೆಳಕು ಹರಿಯುವ ಮೊದಲು ಬಿಡಬೇಡಿ. ಜನವರಿಯಲ್ಲಿ ಸೂರ್ಯ ಹುಟ್ಟುವುದೇ ಏಳರ ಸುಮಾರಿಗೆ, ಶಾಲೆಗೆ ತಡವಾಗುತ್ತದೆ ಎಂದು ಐದೂವರೆಗೆ ಹೊರಡಿಸುವವರು ಬಹಳ. ತಡವಾಗಲಿ. ಎರಡೆರಡು ಟ್ರೇಲರ್ ಎಳೆಯುವ ಟ್ರ್ಯಾಕ್ಟರುಗಳಲ್ಲಿ ಹಿಂಬದಿಯ ದೀಪ ಉರಿಯುವುದು ಅಪರೂಪ, ರಿಫ್ಲೆಕ್ಟರನ್ನು ಕಬ್ಬಿನ ತುದಿಗಳು ಮುಚ್ಚಿರುತ್ತವೆ. ಉದುರಿದ ಕಬ್ಬು ಚಕ್ರಕ್ಕೆ ಸಿಕ್ಕಿ ಅರೆದು, ಇಬ್ಬನಿ ಸೇರಿ ತಿರುವುಗಳಲ್ಲಿ ಪಾಚಿಗಟ್ಟಿದಷ್ಟು ಜಾರುತ್ತದೆ. ಹಿಂದಿನ ಸಂಜೆ ಬೈಕಿನಲ್ಲಿ ನಿಧಾನವಾಗಿ ದಾರಿ ನೋಡಿಕೊಂಡು ಬನ್ನಿ. ಅಗೆತ ಒಂದೇ ರಾತ್ರಿಯಲ್ಲಿ ಹುಟ್ಟುತ್ತದೆ. ಹಳ್ಳಿಗಳ ಮುಂದಿನ ರಸ್ತೆ ಉಬ್ಬುಗಳ (ಹಂಪ್) ಲೆಕ್ಕವನ್ನು ಮಕ್ಕಳಿಗೆ ಬಾಯಿಪಾಠ ಮಾಡಿಸಿ. ರಸ್ತೆಗಳ ಅಳತೆ ನಿಗದಿ ಮಾಡುವ ಭಾರತೀಯ ರಸ್ತೆ ಕಾಂಗ್ರೆಸ್ಸಿನ ಮಾನದಂಡದ ಉಬ್ಬು 3.7 ಮೀಟರ್ ಅಗಲವಾಗಿ 10 ಸೆಂಟಿಮೀಟರ್ ಎತ್ತರ ಏರಬೇಕು, ನಮ್ಮ ಊರುಗಳವು ಬದುವಿನ ಹಾಗೆ ಎದ್ದು ನಿಂತಿವೆ, ಬಣ್ಣವೂ ಇಲ್ಲ. ಹೊಸ ಡಾಂಬರು ಹಾಕಿದ ರಸ್ತೆಯ ಅಂಚಿನಿಂದ ಕೆಳಗಿಳಿದರೆ ಓರೆಯಾಗಿ ಮೇಲೆ ಹತ್ತಬಾರದು, ನಿಂತು ಎತ್ತಿಟ್ಟುಕೊಳ್ಳಬೇಕು ಎಂದೂ ಹೇಳಿಕೊಡಿ. ರಾಷ್ಟ್ರೀಯ ಹೆದ್ದಾರಿಯಲ್ಲಿ ತಗ್ಗು ಕಂಡರೆ ಹೆದ್ದಾರಿ ಸಹಾಯವಾಣಿ 1033ಕ್ಕೆ ಕರೆ ಮಾಡಿ, ದೂರಿನ ಸಂಖ್ಯೆ ಬರೆದಿಟ್ಟುಕೊಳ್ಳಿ.

ಬಿದ್ದ ಸೈಕಲ್ಲನ್ನು ಹಾಗೆಯೇ ಹತ್ತಿಸಬೇಡಿ. ಕಾರ್ಬನ್ ಚೌಕಟ್ಟಿನ ಬಿರುಕು ಬಣ್ಣದ ಕೆಳಗೆ ಅಡಗಿರುತ್ತದೆ, ಮುಂದಿನ ಫೋರ್ಕ್ ವಾರಗಳ ನಂತರ ಇಳಿಜಾರಿನಲ್ಲಿ ಮುರಿಯಬಹುದು. ಒಮ್ಮೆ ಪೆಟ್ಟು ತಿಂದ ಹೆಲ್ಮೆಟ್ಟನ್ನು ಎಸೆಯಿರಿ, ನೋಡಲು ಹೊಸದಾಗಿದ್ದರೂ ಸರಿ, ತಮ್ಮನಿಗೆ ದಾಟಿಸಬೇಡಿ.

ಹುಡುಗಿ ಮತ್ತೆ ಸೈಕಲ್ ಹತ್ತಿದ್ದಾಳೆ. ಅವಳು ಬಿದ್ದ ಜಾಗಕ್ಕೆ ಈಗ ಡಾಂಬರು ಬಿದ್ದಿದೆ. ಆದರೆ ಅದೇ ರಸ್ತೆಯಲ್ಲಿ ಮುಂದಿನ ಹಳ್ಳಿಯ ಶಾಲೆ ದಾಟಿದ ಕೂಡಲೇ, ಎಡಕ್ಕೆ ತಿರುಗುವ ಇಳಿಜಾರಿನಲ್ಲಿ ಹೊಸದಾಗಿ ಅಗೆದು ಖಡಿ ಸುರಿದಿದ್ದಾರೆ. ಮೊನ್ನೆ ಸಂಜೆ ನೋಡಿ ಬಂದೆ. ಈ ವಾರ ಆ ಕಡೆಗೆ ಮಕ್ಕಳನ್ನು ಕಳಿಸುವವರು ಶಾಲೆಯ ಗೇಟಿನ ಹತ್ತಿರವೇ ಅವರನ್ನು ಇಳಿಸಿ, ಅಷ್ಟು ದೂರ ತಳ್ಳಿಕೊಂಡು ಹೋಗಲು ಹೇಳಿ.