ಪಿರಮಿಡ್ ಪಠ್ಯಗಳೋ, ಅಮ್ದುವಾತ್ ಗ್ರಂಥವೋ: ಮೊದಲು ಯಾವುದನ್ನು ಓದಬೇಕು?

ಪ್ರಾಚೀನ ಈಜಿಪ್ಟಿನವರ ಆಕಾಶವನ್ನೂ ಪರಲೋಕ ಪಯಣವನ್ನೂ ಮೂಲ ಬರಹಗಳಿಂದಲೇ ಅರಿಯಬಯಸುವವರ ಮುಂದೆ ಮುಖ್ಯವಾಗಿ ಎರಡು ದಾರಿಗಳಿವೆ.

ಪಿರಮಿಡ್ ಪಠ್ಯಗಳು, ಅಂದರೆ ಗತಿಸಿದ ದೊರೆಗಾಗಿ ಪಿರಮಿಡ್ಡಿನ ಒಳಗೋಡೆಗಳ ಮೇಲೆ ಕೆತ್ತಿದ ಮಂತ್ರಗಳು, ಇವೆರಡರಲ್ಲಿ ಹಳೆಯವು. ಸಕ್ಕಾರಾದಲ್ಲಿರುವ ಉನಾಸ್ ದೊರೆಯ ಪಿರಮಿಡ್ಡಿನೊಳಗೆ, ಸುಮಾರು ಕ್ರಿ.ಪೂ. 2350ರಲ್ಲಿ, ಅವನ್ನು ಮೊದಲ ಬಾರಿಗೆ ಕೆತ್ತಲಾಯಿತು. ಇಲ್ಲಿ ಗತಿಸಿದ ದೊರೆ ಮೇಲಕ್ಕೇರುತ್ತಾನೆ: ಉತ್ತರದಲ್ಲಿ ಎಂದೂ ಮುಳುಗದ, ಆದ್ದರಿಂದಲೇ 'ಅಳಿವಿಲ್ಲದವು' ಎನಿಸಿಕೊಂಡ ನಕ್ಷತ್ರಗಳನ್ನು ಸೇರುತ್ತಾನೆ, ಇನ್ನೊಮ್ಮೆ ಓರಿಯನ್ ಪುಂಜದೊಡನೆ ಉದಯಿಸುತ್ತಾನೆ, ಮತ್ತೊಮ್ಮೆ ಸೂರ್ಯದೇವ ರಾನ ದೋಣಿಯನ್ನು ಹತ್ತುತ್ತಾನೆ. ಈ ಗಮ್ಯಗಳಲ್ಲಿ ಒಂದನ್ನೇ ಆರಿಸಬೇಕೆಂಬ ಒತ್ತಾಯ ಆ ಮಂತ್ರಗಳಿಗೆ ಇರಲಿಲ್ಲ. ಕ್ರಮಬದ್ಧ ಕಥನವನ್ನು ನಿರೀಕ್ಷಿಸುವ ಓದುಗರು ಗೊಂದಲಕ್ಕೀಡಾಗುವುದು ಇದರಿಂದಲೇ.

ಸುಮಾರು ಒಂಬತ್ತು ಶತಮಾನಗಳ ಬಳಿಕ, ರಾಜರ ಕಣಿವೆಯಲ್ಲಿರುವ ಮೂರನೆಯ ಥುಟ್ಮೋಸ್ ದೊರೆಯ ಸಮಾಧಿಯ ಗೋಡೆಗಳ ಮೇಲೆ ಪೂರ್ಣವಾಗಿ ಬರೆಯಲಾದ ಅಮ್ದುವಾತ್ ಸೂರ್ಯನ ರಾತ್ರಿಯನ್ನು 12 ಗಂಟೆಗಳಾಗಿ ವಿಂಗಡಿಸಿ, ಚಿತ್ರಗಳೊಡನೆ, ಪಾತಾಳದ ನಕ್ಷೆಯಂತೆ ಮುಂದಿಡುತ್ತದೆ. ಆರನೆಯ ಗಂಟೆಯಲ್ಲಿ ರಾ ತನ್ನದೇ ದೇಹವನ್ನು ಕೂಡುತ್ತಾನೆ, ಏಳನೆಯದರಲ್ಲಿ ಅಪೋಫಿಸ್ ಸರ್ಪ ದಾರಿಗಡ್ಡವಾಗುತ್ತದೆ, ಹನ್ನೆರಡನೆಯದರಲ್ಲಿ ಅವನು ಜೀರುಂಡೆಯ ರೂಪದ ಖೆಪ್ರಿಯಾಗಿ ಮರುಹುಟ್ಟು ಪಡೆಯುತ್ತಾನೆ. ಕಡ್ಡಿಗೆರೆಯಂತಹ ಅದರ ಆಕೃತಿಗಳು ಬಿಚ್ಚಿಟ್ಟ ಪಪೈರಸ್ ಸುರುಳಿಯನ್ನೇ ನೆನಪಿಸುತ್ತವೆ.

ಪಯಣದ ಹೆಜ್ಜೆಗಳು ತಿಳಿಯಬೇಕೆನ್ನುವವರು ಅಮ್ದುವಾತ್‌ನಿಂದಲೇ ತೊಡಗಲಿ. ನಕ್ಷತ್ರಗಳಲ್ಲಿ ಆಸಕ್ತಿಯುಳ್ಳವರಿಗೆ ಮಾತ್ರ, ತೊಡಕಿದ್ದರೂ, ಉನಾಸ್‌ನ ಗೋಡೆಗಳನ್ನೇ ನಾನು ಸೂಚಿಸುತ್ತೇನೆ.